ಊರಿನ ದುಃಖಕ್ಕೊಂದು ಆಪ್ತಸಮಾಲೋಚನೆ: ಉಡುಪಿಯ ಕೇಂದ್ರವೊಂದರ ಸೇವೆಯ ವಿಮರ್ಶೆ

ಅಕಾಲ ಮರಣ ಸಂಭವಿಸಿದ ಮನೆಗಳಿಗೆ ಮಾತ್ರವಲ್ಲದೆ, ಆ ಮರಣದಿಂದ ಕಂಗೆಟ್ಟ ಕಾಲೇಜಿಗೆ, ಕೇರಿಗೆ, ಗೆಳೆಯರ ಬಳಗಕ್ಕೆ ಆಪ್ತಸಮಾಲೋಚನೆ ನೀಡುವ ಖಾಸಗಿ ಕೇಂದ್ರವೊಂದು ಉಡುಪಿ ನಗರದಲ್ಲಿದೆ. ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ, ನಮ್ಮ ಊರಿನ ಐವರು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿದ್ದ ಕಾರು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಬಡಿದು ಇಬ್ಬರು ಹುಡುಗರು ತೀರಿಹೋದ ಮೇಲೆ, ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವು ಈ ಕೇಂದ್ರದವರನ್ನು ಕರೆಸಿತು. ಕಾರು ಓಡಿಸುತ್ತಿದ್ದವನಿಗೆ ಹದಿನೆಂಟು ತುಂಬಿರಲಿಲ್ಲ; ಕಾರು ಅವನ ತಂದೆಯದು. ಸಂಘದ ಸಮಿತಿಯಲ್ಲಿದ್ದುಕೊಂಡು ಈ ಸೇವೆಯನ್ನು ಮೊದಲಿನಿಂದ ನೋಡಿದವನಾಗಿ, ಹಿರಿಯರ ಕೂಟಗಳಲ್ಲಿ ಸ್ವತಃ ಕುಳಿತವನಾಗಿ ಇದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಹಾಕಿದರೆ ಊರು ತಿಳಿಯುತ್ತದೆ, ಊರು ತಿಳಿದರೆ ಮಕ್ಕಳು ಯಾರೆಂಬುದೂ ತಿಳಿಯುತ್ತದೆ. ಇಂಥ ಸೇವೆಯನ್ನು ಕರೆಸಬೇಕೋ ಬೇಡವೋ, ಕರೆಸಿದರೆ ಏನನ್ನು ಕೇಳಿ ಪಡೆಯಬೇಕು ಎಂದು ಯೋಚಿಸುತ್ತಿರುವ ಸಂಘದವರಿಗೆ, ಕಾಲೇಜಿನವರಿಗೆ ಹೆಸರಿಗಿಂತ ವಿವರಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.

ಸಾವಿನ ಮನೆಯನ್ನು ಆಧರಿಸುವ ಕ್ರಮ ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತಿದೆ. ನೆರೆಯವರು ಗಂಜಿ, ಚಟ್ನಿ ತಂದಿಟ್ಟು ಹೋಗುತ್ತಾರೆ; ಯುವಕ ಮಂಡಲದವರು ಶಾಮಿಯಾನ, ಕುರ್ಚಿ ನೋಡಿಕೊಳ್ಳುತ್ತಾರೆ; ಬೊಜ್ಜದ (ಉತ್ತರಕ್ರಿಯೆಯ) ದಿನ ಊರಿಗೆ ಊರೇ ಊಟಕ್ಕೆ ಕೂರುತ್ತದೆ; ಬಸ್ ನಿಲ್ದಾಣದ ಬಳಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ. ಕ್ರೈಸ್ತರ ಮನೆಯಲ್ಲಾದರೆ ಸಂಜೆಯ ಜಪಮಾಲೆ, ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ಮುಂದೆ ನವೆಂಬರ್ 2ರಂದು ಸಮಾಧಿಗೆ ಹೂವು ಮತ್ತು ಮೇಣದ ಬತ್ತಿ. ತೀರಿಹೋದ ಇಬ್ಬರಲ್ಲಿ ಒಬ್ಬ ಹಿಂದೂ ಮನೆಯವನು, ಇನ್ನೊಬ್ಬ ಕ್ರೈಸ್ತ ಮನೆಯವನು. ಎರಡೂ ಮನೆಗಳಲ್ಲಿ ಯಾವ ದಿನ ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿದ್ದುದರಿಂದ ಆ ಮನೆಯವರು ಒಂದು ದಿನದಿಂದ ಇನ್ನೊಂದು ದಿನಕ್ಕೆ ಹೇಗೋ ದಾಟಿಕೊಂಡರು. ಆದರೆ ಈ ಕ್ರಮಗಳೆಲ್ಲ ರಕ್ತಸಂಬಂಧದ ಗೆರೆಯ ಒಳಗಿನವು. ಗೆಳೆಯನಿಗೆ ಸೂತಕವಿಲ್ಲ. ಟ್ಯೂಷನ್ ಮುಗಿಸಿ ಒಟ್ಟಿಗೆ ಗೋಳಿಬಜೆ ತಿನ್ನುತ್ತಿದ್ದವನಿಗೆ, ಅದೇ ಕಾರಿನ ಹಿಂದಿನ ಸೀಟಿನಲ್ಲಿದ್ದು ಬದುಕಿ ಬಂದವನಿಗೆ, ಆ ರಾತ್ರಿ ‘ನಾನು ಬರುವುದಿಲ್ಲ’ ಎಂದು ಮನೆಯಲ್ಲೇ ಉಳಿದವನಿಗೆ ಅಳುವುದಕ್ಕೆ ನಿಗದಿಯಾದ ದಿನವೂ ಇಲ್ಲ, ಕೂರುವುದಕ್ಕೆ ಚಾಪೆಯೂ ಇಲ್ಲ. ಕಾರು ಓಡಿಸಿದವನ ಮನೆಗಂತೂ ಯಾರೂ ಹೋಗುವುದಿಲ್ಲ. ಈ ಸೇವೆಯ ಯೋಗ್ಯತೆಯನ್ನು ನಾನು ಅಳೆದದ್ದು ಈ ಒಂದು ಪ್ರಶ್ನೆಯಿಂದ: ಗೆರೆಯ ಹೊರಗೆ ಉಳಿದವರನ್ನು ಅದು ಎಷ್ಟರಮಟ್ಟಿಗೆ ತಲುಪಿತು?

ಮೊದಲ ಕೂಟದಲ್ಲಿ ತಲುಪಲಿಲ್ಲ. ತಲುಪದಿದ್ದುದಷ್ಟೇ ಅಲ್ಲ, ಕೆಡಿಸಿತು ಎಂದೇ ಹೇಳಬೇಕು. ಅಪಘಾತವಾಗಿ ವಾರ ಕಳೆಯುವ ಮೊದಲೇ, ಬೊಜ್ಜ ಇನ್ನೂ ಆಗಿರದಿದ್ದಾಗ, ಕಾಲೇಜಿನ ಸಭಾಂಗಣದಲ್ಲಿ ದ್ವಿತೀಯ ಪಿಯುಸಿಯ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ, ಪರದೆಯ ಮೇಲೆ ದುಃಖದ ಐದು ಹಂತಗಳನ್ನು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ) ತೋರಿಸಿ, ಆಮೇಲೆ ಮೈಕನ್ನು ಸಾಲಿನಿಂದ ಸಾಲಿಗೆ ದಾಟಿಸಿ ‘ನಿಮಗೆ ಏನನ್ನಿಸುತ್ತಿದೆ ಹೇಳಿ’ ಎಂದು ಕೇಳಲಾಯಿತು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಮೈಕ್ ಹಿಡಿದು ಬಾಯಿ ತೆರೆಯಲಾಗದೆ ನಿಂತುಬಿಟ್ಟಳು. ಅವಳ ಪಕ್ಕದವಳು ಬಿಕ್ಕಳಿಸತೊಡಗಿದಳು, ಅವಳ ಹಿಂದಿನವರೂ ಸೇರಿಕೊಂಡರು. ಹುಡುಗರ ಕಡೆಯಲ್ಲಿ ಕೆಲವರು ಮುಜುಗರದಿಂದ ನಕ್ಕರು, ನಕ್ಕದ್ದಕ್ಕೆ ಉಪನ್ಯಾಸಕರು ಗದರಿದರು. ಆ ಮಧ್ಯಾಹ್ನ ಮನೆಗೆ ಹೋದ ಮಕ್ಕಳಲ್ಲಿ ಕೆಲವರು ಮರುದಿನ ಕಾಲೇಜಿಗೆ ಬರಲೊಪ್ಪಲಿಲ್ಲ.

ಆಘಾತದ ಬೆನ್ನಿಗೇ ಎಲ್ಲರಿಂದ ಒಂದೇ ಸಲಕ್ಕೆ ಅನುಭವ ಹೇಳಿಸುವ ಈ ಪದ್ಧತಿ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಅದರಿಂದ ಮುಂದಿನ ಮಾನಸಿಕ ತೊಂದರೆಗಳು ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಅಧ್ಯಯನಗಳಿಂದ ತಿಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡವೆಂದಿದೆ. ಅದರ ಬದಲಿಗೆ ಸಂಸ್ಥೆಯು 2011ರಲ್ಲಿ ಇತರರೊಡನೆ ಸೇರಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಬಹಳ ಸರಳವಾದದ್ದು: ಯಾರಿಗೆ ಏನು ಬೇಕಾಗಿದೆ ಎಂದು ನೋಡಬೇಕು, ಮಾತನಾಡುವವರು ಮಾತನಾಡಿದರೆ ಕೇಳಬೇಕು, ಸಹಾಯ ಸಿಗುವ ಕಡೆಗೆ ಅವರನ್ನು ಮುಟ್ಟಿಸಬೇಕು, ಒತ್ತಾಯ ಮಾಡಿ ಮಾತನಾಡಿಸಬಾರದು. ಇನ್ನು ಆ ಐದು ಹಂತಗಳು 1969ರಲ್ಲಿ ಮಂಡಿತವಾದವು. ಅವು ಹುಟ್ಟಿದ್ದು ತಮ್ಮದೇ ಮರಣವನ್ನು ಎದುರಿಗಿಟ್ಟುಕೊಂಡಿದ್ದ ರೋಗಿಗಳನ್ನು ಮಾತನಾಡಿಸಿದ್ದರಿಂದ. ನಿನ್ನೆ ಮೊನ್ನೆ ಗೆಳೆಯನನ್ನು ಕಳೆದುಕೊಂಡ ಹದಿನೇಳು ವರ್ಷದವರ ಮನಸ್ಸಿಗೆ ಅವು ವೇಳಾಪಟ್ಟಿಯಾಗುವುದಿಲ್ಲ. ‘ನನಗೆ ಸಿಟ್ಟೇ ಬರಲಿಲ್ಲ, ನಾನು ಸರಿ ಇದ್ದೇನಾ?’ ಎಂದು ಹುಡುಗನೊಬ್ಬ ತನ್ನ ತಾಯಿಯನ್ನು ಕೇಳಿದನಂತೆ. ಹಣ ತೆಗೆದುಕೊಂಡು ಸೇವೆ ನೀಡುವವರು ಇಷ್ಟನ್ನಾದರೂ ತಿಳಿದಿರಬೇಕಾಗಿತ್ತು.

ಸಂಘದ ಕಡೆಯಿಂದ ನಾವು ಲಿಖಿತ ಆಕ್ಷೇಪ ಸಲ್ಲಿಸಿದೆವು. ಕೇಂದ್ರದವರ ಪರವಾಗಿ ಒಂದು ಮಾತು ಹೇಳಬೇಕೆಂದರೆ, ಅವರು ವಾದಕ್ಕೆ ನಿಲ್ಲಲಿಲ್ಲ. ಸಭಾಂಗಣದ ಕಾರ್ಯಕ್ರಮ ನಡೆಸಿದವರನ್ನು ಬದಲಿಸಿ, ಕುಂದಾಪುರದ ಕಡೆಯ ಹಿರಿಯ ಸಮಾಲೋಚಕಿಯೊಬ್ಬರನ್ನು ಕಳುಹಿಸಿದರು. ಇಲ್ಲಿಂದ ಮುಂದೆ ನಾನು ಬರೆಯುವುದು ಬಹುಪಾಲು ಪ್ರಶಂಸೆ. ಅದು ಕೇಂದ್ರಕ್ಕೆ ಸಲ್ಲಬೇಕಾದದ್ದೋ ಆ ಒಬ್ಬ ಹೆಂಗಸಿಗೆ ಸಲ್ಲಬೇಕಾದದ್ದೋ ಎಂಬುದನ್ನು ಓದುಗರೇ ತೀರ್ಮಾನಿಸಬೇಕು.

ಅವರು ಮೊದಲು ಮಾಡಿದ ಕೆಲಸ ಗುಂಪನ್ನು ಒಡೆದದ್ದು. ಕಾರಿನಲ್ಲಿದ್ದು ಬದುಕಿದವರಿಗೆ ಬೇರೆ ಸಮಯ, ಆಪ್ತ ಗೆಳೆಯರಿಗೆ ಬೇರೆ, ಪರಿಚಯ ಮಾತ್ರವಿದ್ದ ಸಹಪಾಠಿಗಳಿಗೆ ಬೇರೆ, ಒಂದು ಕೂಟಕ್ಕೆ ಏಳೆಂಟು ಮಂದಿಗಿಂತ ಹೆಚ್ಚಿಲ್ಲ, ಬರುವುದು ಕಡ್ಡಾಯವಲ್ಲ. ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೊನೆಯ ಪಿರಿಯಡ್‌ನಲ್ಲಿ ಕೂಟ ನಡೆಯುತ್ತಿದ್ದುದರಿಂದ ಯಾರು ಹೋದರು ಯಾರು ಬಂದರು ಎಂಬುದು ಉಳಿದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೊರಗೆ ಹೇಳಬಾರದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಅವರು ಮಕ್ಕಳಿಗೆ ಕೊಟ್ಟ ಮಾತನ್ನು ನಮ್ಮ ಸಮಿತಿಯ ವಿಷಯದಲ್ಲೂ ಉಳಿಸಿಕೊಂಡರು. ದುಡ್ಡು ಕೊಡುವವರು ನಾವು, ವರದಿ ಬೇಕು ಎಂದು ಸದಸ್ಯರೊಬ್ಬರು ಪಟ್ಟು ಹಿಡಿದಾಗ, ಎಷ್ಟು ಕೂಟಗಳಾದವು ಎಂಬುದನ್ನು ಬಿಟ್ಟು ಒಂದಕ್ಷರವನ್ನೂ ಕೊಡಲಿಲ್ಲ. ಆ ಸದಸ್ಯರಿಗೆ ಅಸಮಾಧಾನವಾಯಿತು. ನನಗೆ ಧೈರ್ಯ ಬಂತು.

ಮಕ್ಕಳೊಡನೆ ಅವರು ಮಾತನಾಡಿದ್ದು ಯಾವುದರ ಬಗ್ಗೆ ಎಂಬುದು ನನಗೆ ತಿಳಿದದ್ದು ಪೋಷಕರಿಂದ, ಅದೂ ಮಕ್ಕಳೇ ಮನೆಯಲ್ಲಿ ಹೇಳಿಕೊಂಡಷ್ಟು. ಅವುಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತೀರಿಹೋದ ಇಬ್ಬರ ಹೆಸರುಗಳೂ ಹಾಗೆಯೇ ಇದ್ದವು. ತೆಗೆಯಬೇಕೆಂದು ಕೆಲವರು, ತೆಗೆದರೆ ನಾವು ಮನುಷ್ಯರೇ ಅಲ್ಲ ಎಂದು ಕೆಲವರು. ಗುಂಪಿನ ಅಡ್ಮಿನ್ ಆಗಿದ್ದ ಹುಡುಗಿಗೆ ರಾತ್ರಿ ನಿದ್ದೆ ಇಲ್ಲ. ದೊಡ್ಡವರಿಗೆ ಇದು ಕ್ಷುಲ್ಲಕವೆಂದು ತೋರೀತು. ಸಮಾಲೋಚಕಿ ಅದನ್ನು ಕ್ಷುಲ್ಲಕವೆಂದು ಬಗೆಯಲಿಲ್ಲ, ತಾವೇ ತೀರ್ಪು ಕೊಡಲೂ ಇಲ್ಲ. ಆದರೆ ಯಾರಿಗೂ ಹೊಳೆಯದಿದ್ದ ಒಂದು ಸಂಗತಿಯನ್ನು ಮುಂದಿಟ್ಟರು: ಸುಮಾರು 120 ದಿನ ಬಳಸದೆ ಉಳಿದ ಖಾತೆಯನ್ನು ವಾಟ್ಸ್‌ಆ್ಯಪ್ ತಾನಾಗಿಯೇ ಅಳಿಸುತ್ತದೆ, ಆಗ ಆ ಹೆಸರು ಗುಂಪನ್ನು ಬಿಟ್ಟುಹೋದಂತೆ ಎಲ್ಲರ ಫೋನಿನಲ್ಲೂ ಕಾಣಿಸುತ್ತದೆ, ಅದು ಜನವರಿಯ ಹೊತ್ತಿಗೆ ಬರಬಹುದು, ಪೂರ್ವಸಿದ್ಧತಾ ಪರೀಕ್ಷೆಯ ಸಮಯ, ತೆಗೆಯುವುದಾದರೆ ನೀವೇ ಒಂದು ದಿನ ಗೊತ್ತುಮಾಡಿ ತೆಗೆಯಿರಿ, ಇಡುವುದಾದರೆ ಆ ದಿನ ಹೀಗಾಗುತ್ತದೆಂದು ತಿಳಿದುಕೊಂಡು ಇಡಿ. ಮಕ್ಕಳು ಇಟ್ಟುಕೊಂಡರು. ಜನವರಿಯ ಒಂದು ಸಂಜೆ ಆ ಸೂಚನೆ ಬಂದಾಗ, ಅವರ ಮಾತು ನೆನಪಿದ್ದುದರಿಂದ, ಹತ್ತಾರು ಮನೆಗಳಲ್ಲಿ ಆಗಬಹುದಾಗಿದ್ದ ಗಾಬರಿ ಆಗಲಿಲ್ಲ ಎಂದು ಪೋಷಕರು ಹೇಳುತ್ತಾರೆ. ನಾನು ಈ ಸೇವೆಗೆ ಹೆಚ್ಚು ಅಂಕ ಕೊಡುವುದು ಇಂಥ ಮುಂದಾಲೋಚನೆಗೆ.

ಪರೀಕ್ಷೆಯ ವಿಷಯದಲ್ಲೂ ಅವರ ಸಲಹೆ ನೆಲಕ್ಕೆ ಹತ್ತಿರವಾಗಿತ್ತು. ದ್ವಿತೀಯ ಪಿಯುಸಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ; ಮೊದಲನೆಯದರಲ್ಲಿ ಆಗದಿದ್ದರೆ ಎರಡನೆಯದರಲ್ಲಿ ಬರೆಯಲಿ, ಉತ್ತಮ ಅಂಕವೇ ಉಳಿಯುತ್ತದೆ, ಈಗ ‘ಹೋದವರ ಹೆಸರು ಉಳಿಸಲಿಕ್ಕಾದರೂ ಓದು’ ಎಂದು ಬೆನ್ನು ಹತ್ತಬೇಡಿ ಎಂದು ತಂದೆತಾಯಿಗಳಿಗೆ ನೇರವಾಗಿ ಹೇಳಿದರು.

ಕಾರು ಓಡಿಸಿದ ಹುಡುಗನ ಮನೆಯ ವಿಷಯ ಎಲ್ಲಕ್ಕಿಂತ ಕಠಿಣವಾಗಿತ್ತು. ಅಪಘಾತದ ಮರುದಿನವೇ ಅವನ ಭಾವಚಿತ್ರ ‘ಕೊಲೆಗಾರ’ ಎಂಬ ತಲೆಬರಹದೊಡನೆ ಊರಿನ ಗುಂಪುಗಳಲ್ಲೆಲ್ಲ ಓಡಾಡಿತ್ತು. ಸೊಂಟದ ಮೂಳೆ ಮುರಿದು ಮಲಗಿದ್ದವನನ್ನು ನೋಡಲು ನೆಂಟರೂ ಹಿಂಜರಿದರು. ತಾಯಿ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು. ಸಮಾಲೋಚಕಿ ನಮ್ಮ ಸಮಿತಿಯನ್ನು ಕರೆದು ಹೇಳಿದ್ದು ಮೊದಲು ಕಾನೂನಿನ ಮಾತು: ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿನ ಹೆಸರು, ಚಿತ್ರ, ಶಾಲೆ ಯಾವುದನ್ನೂ ಬಯಲು ಮಾಡಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಹೇಳುತ್ತದೆ, ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು, ನಿಮ್ಮ ಅಡ್ಮಿನ್‌ಗಳು ಇವತ್ತೇ ಅದನ್ನು ಅಳಿಸಲಿ. ಅಂದೇ ಸಂಜೆ ಅಳಿಸಲಾಯಿತು. ದಯೆಯ ಉಪದೇಶದಿಂದ ಆಗದ ಕೆಲಸ ಕಲಂ ಸಂಖ್ಯೆಯಿಂದ ಆಯಿತು ಎಂಬುದು ನಮ್ಮ ಊರಿಗೆ ಹೆಮ್ಮೆಯ ಸಂಗತಿಯಲ್ಲ.

ಹಾಗೆಂದು ಅವರು ಆ ಮನೆಯ ಹೊಣೆಯನ್ನು ಮುಚ್ಚಿಹಾಕಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತನು ವಾಹನ ಓಡಿಸಿ ಅಪರಾಧವಾದರೆ ಪೋಷಕನನ್ನು ಅಥವಾ ವಾಹನದ ಮಾಲೀಕನನ್ನೇ ಅಪರಾಧಿಯೆಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನೆಲ್ಲ ಆ ತಂದೆಗೆ ವಕೀಲರು ಹೇಳಿದ್ದರು. ಸಮಾಲೋಚಕಿ ಅವರೊಡನೆ ಪ್ರಕರಣದ ಮಾತೆತ್ತಲಿಲ್ಲ. ಮೊದಲ ಭೇಟಿಯಲ್ಲಿ ಚಹಾ ಕುಡಿದು, ಹುಡುಗ ಊಟ ಮಾಡುತ್ತಾನೆಯೇ, ರಾತ್ರಿ ಅವನ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದಷ್ಟೇ ಕೇಳಿ ಬಂದರಂತೆ. ಹುಡುಗನನ್ನು ಒಬ್ಬನೇ ಬಿಡಬಾರದು ಎಂಬ ಮಾತನ್ನು ಮಾತ್ರ ಒತ್ತಿ ಹೇಳಿದರು. ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗುವ ವ್ಯವಸ್ಥೆಯನ್ನೂ ತಾವೇ ಮಾಡಿದರು.

ಇದೇ ಸಂದರ್ಭದಲ್ಲಿ ನಮ್ಮಲ್ಲಿ ಕೆಲವು ಹಿರಿಯರು, ದೇವಸ್ಥಾನದ ಅಂಗಣದಲ್ಲಿ ಮೂರೂ ಮನೆಯವರನ್ನು ಸೇರಿಸಿ ಕೈ ಹಿಡಿಸೋಣ, ಊರಿನ ಶಾಂತಿಗೆ ಒಳ್ಳೆಯದು ಎಂಬ ಸಲಹೆ ತಂದರು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಸಮಾಲೋಚಕಿ ಸ್ಪಷ್ಟವಾಗಿ ಬೇಡವೆಂದರು. ‘ಅವರು ಕ್ಷಮಿಸಲಿಕ್ಕೆ ರೆಡಿ ಇದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ. ಎಲ್ಲರ ಎದುರು ಕೈ ಹಿಡಿದ ಮೇಲೆ ಮನೆಗೆ ಹೋಗಿ ಅವರು ಎಂತ ಮಾಡಬೇಕು, ಭಟ್ರೇ?’ ಎಂದು ಅವರು ಕೇಳಿದ್ದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಅವರ ನಿಲುವು ಎಷ್ಟು ಸರಿಯಾಗಿತ್ತೆಂಬುದು ಪರಿಹಾರದ ಅರ್ಜಿಯ ಕಾಲಕ್ಕೆ ತಿಳಿಯಿತು. ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕೆಂದು ಅದೇ 2019ರ ತಿದ್ದುಪಡಿ ಹೇಳುತ್ತದೆ. ಅರ್ಜಿಯಲ್ಲಿ ವಿಮಾ ಕಂಪನಿಯ ಜೊತೆಗೆ ಕಾರಿನ ಮಾಲೀಕನೂ ಎದುರುದಾರ. ಅಂಗಣದಲ್ಲಿ ಕೈ ಹಿಡಿದವರ ಮೇಲೆಯೇ ತಿಂಗಳೊಪ್ಪತ್ತಿನಲ್ಲಿ ಅರ್ಜಿ ಹಾಕಬೇಕಾಗಿ ಬಂದಿದ್ದರೆ ಮಗನನ್ನು ಕಳೆದುಕೊಂಡ ತಂದೆಯ ತಲೆಗೇ ಅಪವಾದ ಬರುತ್ತಿತ್ತು. ಕಾನೂನಿನ ಆ ಭಾಗವನ್ನು ಕೇಂದ್ರದವರು ತಾವು ಮುಟ್ಟದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಡೆಗೆ ದಾರಿ ತೋರಿಸಿದರು. ಅದೂ ಸರಿಯೇ.

ಹಿರಿಯರ ಕೂಟ ಭಜನಾ ಮಂದಿರದ ಸಭಾಂಗಣದಲ್ಲಿ ನಡೆಯುತ್ತಿತ್ತು. ಮಾತು ಬಹುಮಟ್ಟಿಗೆ ತುಳುವಿನಲ್ಲಿ. ತೀರಿಹೋದ ಹುಡುಗನ ಅಜ್ಜಿ ಅಲ್ಲಿ ಎತ್ತಿದ ಪ್ರಶ್ನೆ ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಪರೀಕ್ಷೆಯಾಗಿತ್ತು. ಮದುವೆಯಾಗದೆ ಹೋದವರಿಗೆ ಮುಂದೊಂದು ಕಾಲದಲ್ಲಿ ಕುಲೆ ಮದಿಮೆ ಮಾಡಿಸುವ ಪದ್ಧತಿ ತುಳುನಾಡಿನ ಅನೇಕ ಮನೆಗಳಲ್ಲಿದೆ. ಹಾಗೆಯೇ ಮದುವೆಯಾಗದೆ ಸತ್ತ ಹೆಣ್ಣನ್ನು ಹುಡುಕಿ, ಎರಡೂ ಮನೆಯವರು ಸೇರಿ, ಸೀರೆ, ಪಂಚೆ, ಹೂವು ಎಲ್ಲ ಇಟ್ಟು ಮದುವೆಯ ಶಾಸ್ತ್ರ ಮುಗಿಸುತ್ತಾರೆ. ಆ ಅಜ್ಜಿಯ ಮಾತು ಇಷ್ಟು: ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ಇವನಿಗೂ ಎಲೆ ಹಾಕಬೇಕಲ್ಲ, ಅಷ್ಟು ಸಣ್ಣವನನ್ನು ಹಿರಿಯರ ಸಾಲಿನಲ್ಲಿ ಹೇಗೆ ಕೂರಿಸುವುದು, ಅವನಿಗೊಂದು ಹೆಣ್ಣು ನೋಡುವವರೆಗೆ ತಾನು ಇರುತ್ತೇನೋ ಇಲ್ಲವೋ. ಮನೆಯ ಓದಿದ ಮೊಮ್ಮಕ್ಕಳು ನಾಚಿಕೆಯಿಂದ ತಲೆ ತಗ್ಗಿಸಿದರು. ಸಮಾಲೋಚಕಿ ಮೂಢನಂಬಿಕೆ ಎಂದೂ ಹೇಳಲಿಲ್ಲ, ನಮ್ಮ ಸಂಸ್ಕೃತಿ ಎಂದು ಕೊಂಡಾಡಲೂ ಇಲ್ಲ. ಎಲೆಗೆ ಏನು ಬಡಿಸುತ್ತೀರಿ ಎಂದು ಕೇಳಿದರು. ಅಜ್ಜಿ ಅವನಿಗೆ ಇಷ್ಟವಾಗಿದ್ದ ಕೋಳಿ ಸುಕ್ಕದಿಂದ ಆರಂಭಿಸಿ, ಅದರ ಜೊತೆಗೆ ಅವನು ರೊಟ್ಟಿಯನ್ನು ಎಷ್ಟು ಮುರಿದು ಹಾಕಿಕೊಳ್ಳುತ್ತಿದ್ದ ಎಂಬುದರವರೆಗೆ ಹೇಳುತ್ತಾ ಹೋದರು. ಅಪಘಾತವಾದಂದಿನಿಂದ ಅವರು ಅಷ್ಟು ಹೊತ್ತು ಮಾತನಾಡಿದ್ದು ಅದೇ ಮೊದಲು ಎಂದು ಸೊಸೆ ಆಮೇಲೆ ತಿಳಿಸಿದರು.

ಕೊರತೆಗಳನ್ನೂ ಹೇಳಬೇಕು. ಬದುಕಿದವರಿಗೆ, ಗೆಳೆಯರಿಗೆ, ತಂದೆತಾಯಿಗಳಿಗೆ, ಹಿರಿಯರಿಗೆ ಕೂಟಗಳಿದ್ದವು; ತೀರಿಹೋದವರ ತಮ್ಮ ತಂಗಿಯರಿಗೆ ಇರಲಿಲ್ಲ. ಏಳನೆಯ ತರಗತಿಯಲ್ಲಿದ್ದ ತಂಗಿಯೊಬ್ಬಳು ತಂದೆತಾಯಿಗಳ ಕೂಟ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂತಿರುತ್ತಿದ್ದಳು. ಆ ವಯಸ್ಸಿನವರೊಡನೆ ಕೆಲಸ ಮಾಡುವವರು ನಮ್ಮಲ್ಲಿಲ್ಲ ಎಂಬುದು ಕೇಂದ್ರದ ಉತ್ತರ. ಇಲ್ಲದಿದ್ದರೆ ಇರುವವರ ವಿಳಾಸವನ್ನಾದರೂ ಮೊದಲ ವಾರದಲ್ಲೇ ಕೊಡಬೇಕಾಗಿತ್ತು. ನೋಂದಣಿಯ ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿದೆ. ಕೇಂದ್ರದ ಕಚೇರಿ ಎರಡನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಊರುಗೋಲಿನ ಹುಡುಗನಿಗೆ ಅಲ್ಲಿಗೆ ಬನ್ನಿ ಎಂದು ಒಮ್ಮೆ ಸಮಯ ಕೊಟ್ಟದ್ದು ತೀರ ಅವಿವೇಕ. ಶುಲ್ಕ ಒಬ್ಬರಿಗೆ ಒಂದು ಭೇಟಿಗೆ 800 ರೂಪಾಯಿ, ಗುಂಪಿನ ಕೂಟಕ್ಕೆ ಬೇರೆ ದರ. ಸಂಘ ಭರಿಸಿದ್ದರಿಂದ ನಮಗೆ ನಡೆಯಿತು. ದಿನಗೂಲಿಯ ಮನೆಗೆ ಇದು ನಿಲುಕುವ ದರವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುತ್ತಿಗೆ ಆರು ತಿಂಗಳಿಗೆ ಮುಗಿಯುತ್ತದೆ. ಬಿಡದೆ ಕಾಡುವ, ದಿನನಿತ್ಯದ ಬದುಕನ್ನೇ ನಿಲ್ಲಿಸುವ ದುಃಖವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕನಿಷ್ಠ ಆರು ತಿಂಗಳ ಅವಧಿ ಇಟ್ಟಿದೆ, ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ ಹನ್ನೆರಡು ತಿಂಗಳು ಇಟ್ಟಿದೆ. ಯಾರಿಗೆ ಹೆಚ್ಚಿನ ಚಿಕಿತ್ಸೆ ಬೇಕೆಂಬುದು ತಿಳಿಯಲು ಆರಂಭವಾಗುವ ಹೊತ್ತಿಗೇ ಸೇವೆ ಎದ್ದು ಹೋಗುತ್ತದೆ. ವರ್ಷಾಂತಿಕದ ದಿನ ನಮ್ಮೊಡನೆ ಯಾರೂ ಇರಲಿಲ್ಲ.

ಹಣದ ಅನುಕೂಲವಿಲ್ಲದವರಿಗೆ ಬೇರೆ ದಾರಿಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು; ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಮ್ಮ ಮಕ್ಕಳಲ್ಲಿ ಕೆಲವರು ಕೂಟಕ್ಕೆ ಬರದೆ ನಡುರಾತ್ರಿ ಆ ಸಂಖ್ಯೆಗೆ ಕರೆ ಮಾಡುತ್ತಿದ್ದರೆಂದು ಕೇಳಿದ್ದೇನೆ. ಮುಖ ತೋರಿಸದೆ ಮಾತನಾಡಬಯಸುವವರಿಗೆ ಅದೇ ಹೆಚ್ಚು ಹೊಂದುತ್ತದೆ. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ಮಂಗಳೂರಿನ ವೆನ್ಲಾಕ್‌ನಲ್ಲೂ ಮನೋವೈದ್ಯರಿದ್ದಾರೆ. ಆದರೆ ಇವೆಲ್ಲ ಒಬ್ಬೊಬ್ಬರಾಗಿ ಹೋಗಬೇಕಾದ ಕಡೆಗಳು. ಊರಿಗೆ ಬಂದು, ಭಜನಾ ಮಂದಿರದಲ್ಲಿ ಚಾಪೆ ಹಾಸಿ ಕೂರುವ ಸೇವೆ ಬೇಕೆಂದಾದರೆ ಈಗಿನ ಮಟ್ಟಿಗೆ ಇಂಥ ಕೇಂದ್ರವನ್ನೇ ಹಿಡಿಯಬೇಕು.

ಕರೆಸುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾರು ಬರುತ್ತಾರೆ, ಅವರ ಓದು ಏನು, ತುಳು ಅಥವಾ ಕೊಂಕಣಿ ಬರುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಸಭಾಂಗಣದ ದೊಡ್ಡ ಕಾರ್ಯಕ್ರಮ ಬೇಡವೆಂದು ಮೊದಲೇ ಹೇಳಬೇಕು. ಅದನ್ನು ಬಿಟ್ಟರೆ ಖರ್ಚೂ ಸಾಕಷ್ಟು ಇಳಿಯುತ್ತದೆ. ಆರು ತಿಂಗಳ ಹಣವನ್ನೇ ಹಂಚಿ, ಮಧ್ಯದ ತಿಂಗಳುಗಳಲ್ಲಿ ಕೂಟಗಳನ್ನು ಕಡಿಮೆ ಮಾಡಿ, ವರ್ಷಾಂತಿಕದವರೆಗೆ ಎಳೆಯಲು ಬರುತ್ತದೆಯೇ ಎಂದು ಚೌಕಾಸಿ ಮಾಡಬೇಕು. ನಾವು ಈಗ ಆ ಹಿರಿಯ ಸಮಾಲೋಚಕಿಯನ್ನು ಮತ್ತೆ ಗೊತ್ತುಮಾಡುವ ಮಾತುಕತೆಯಲ್ಲಿದ್ದೇವೆ, ಈ ಸಲ ತಮ್ಮ ತಂಗಿಯರ ಕೂಟವನ್ನೂ ಸೇರಿಸಬೇಕೆಂಬ ಷರತ್ತಿನೊಡನೆ.